ದೊಡ್ಡಮ್ಮನಿಗೆ ಕಿವಿ ಬಂತು

ಮೂರನೇ ಮಹಡಿಯ ಕನ್ನಡಕದಂಗಡಿಯವನು ಹೆಂಡತಿಗೆ ಹೊಡೆಯುತ್ತಾನೆ ಅನ್ನುವುದು ಇಡೀ ಕಟ್ಟಡದಲ್ಲಿ ದೊಡ್ಡಮ್ಮನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮನಿಗೆ ಗೊತ್ತಿಲ್ಲದ್ದಕ್ಕೆ ಕಾರಣ ಅವಳ ಒಳ್ಳೆಯತನವೂ ಅಲ್ಲ, ದಡ್ಡತನವೂ ಅಲ್ಲ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಅಷ್ಟೇ. ವಯಸ್ಸಿದ್ದಾಗ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ದುಡಿದವಳು. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಗುಂಯ್ ಗುಂಯ್ ಮಾತ್ರ ಅವಳ ಕಿವಿಯಲ್ಲಿ ಬಿಡಾರ ಹೂಡಿ, ಬೇರೆ ಯಾವ ಸದ್ದನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಉಳಿದವರ ಕಿವಿಗಳು ಗಟ್ಟಿಮುಟ್ಟಾಗಿಯೇ ಇದ್ದವು. ಪೈಪುಗಳು ಇಳಿಯುವ ಕತ್ತಲೆ ಸಂದಿಗೇ ಎಲ್ಲ ಮನೆಗಳ ಬಚ್ಚಲ ಕಿಟಕಿಗಳು ತೆರೆದುಕೊಂಡಿದ್ದವು. ಮೇಲೊಬ್ಬರು ಕೆಮ್ಮಿದರೆ ಕೆಳಗಿನವರು ತಮ್ಮ ಗಂಟಲು ಸರಿ ಮಾಡಿಕೊಳ್ಳುವಷ್ಟು ಅನ್ಯೋನ್ಯತೆ. ಮೂರನೇ ಮಹಡಿಯಲ್ಲಿ ಶುರುವಾಯಿತೋ, ಒಬ್ಬೊಬ್ಬರೂ ತಮ್ಮ ತಮ್ಮ ಕಸುಬಿಗೆ ಇಳಿಯುತ್ತಿದ್ದರು. ನಿವಾಸಿಗಳ ಸಂಘದ ಕಾರ್ಯದರ್ಶಿ ಟೀವಿಯ ಸದ್ದು ಏರಿಸುತ್ತಿದ್ದರು. ಟ್ಯೂಶನ್ ಟೀಚರಮ್ಮ ಮಕ್ಕಳಿಂದ ಒಕ್ಕೊರಲಿನಲ್ಲಿ ಮಗ್ಗಿ ಹೇಳಿಸುತ್ತಿದ್ದಳು. ದಿನ ಬೆಳಗಾದರೆ ಬನಿಯನ್ ಹಾಕಿಕೊಂಡು ಮೆಟ್ಟಿಲಲ್ಲಿ ಹೋಗಿ ಬರುವವರಿಗೆಲ್ಲ ತೋಳಿನ ದರ್ಶನ ಕೊಡುವ ಜಿಮ್ ಗಿರಾಕಿಯೊಬ್ಬನಿದ್ದ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಡಂಬಲ್ ಅಂತ. ಅವನು ಕಿವಿಗೆ ಹಾಡು ತುರುಕಿಕೊಳ್ಳುತ್ತಿದ್ದ. ದೊಡ್ಡಮ್ಮನ ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು, ಎಂಥ ಗಂಡಸನ್ನಾದರೂ ನಡುರಸ್ತೆಯಲ್ಲಿ ಗದರಿಸಬಲ್ಲವಳು. ಅವಳು ಮಿಕ್ಸಿ ಹಾಕುತ್ತಿದ್ದಳು. ರುಬ್ಬುವುದಕ್ಕೆ ಏನೂ ಇಲ್ಲದಾಗ ಖಾಲಿ ಜಾರನ್ನೇ ತಿರುಗಿಸಿದ್ದೂ ಉಂಟು.

ಕನ್ನಡಕದವನನ್ನು ಕೆಟ್ಟವನು ಅನ್ನುವ ಹಾಗೆಯೇ ಇರಲಿಲ್ಲ ನೋಡಿ. ಎಲ್ಲಿ ಸಿಕ್ಕಿದರೂ ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು, ನಿಮ್ಮ ಕನ್ನಡಕ ಈಸಿಕೊಂಡು ಒರೆಸಿ, ಮೂಗಿನ ಮೇಲೆ ತಾನೇ ಕೂರಿಸಿ ಕಳಿಸುತ್ತಿದ್ದ. ವಯಸ್ಸಾದವರ ಚೀಲ ಹೊರುತ್ತಿದ್ದ. ಸಂಘದ ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದ. ಅವನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಕಟ್ಟಡದವರ ಸಕ್ಕರೆ, ಥೈರಾಯಿಡ್ ಎಲ್ಲಕ್ಕೂ ಅವಳೇ ಮನೆಗೆ ಬಂದು ರಕ್ತ ತೆಗೆಯುತ್ತಿದ್ದುದರಿಂದ ಅವಳಿಗೆ ಸೂಜಿ ಅನ್ನುವ ಹೆಸರು ಬಿದ್ದಿತ್ತು. ಸೂಜಿ ಮಾತಿನಲ್ಲೂ ಚುಚ್ಚುತ್ತಿದ್ದಳು. ಹಾಗಾಗಿ ಕಟ್ಟಡದ ಲೆಕ್ಕದಲ್ಲಿ ಅವನು ಬಂಗಾರ, ಅವಳು ಸ್ವಲ್ಪ ಜೋರು.

ದೊಡ್ಡಮ್ಮನಿಗೆ ಕಿವಿ ಮಿಷನ್ ಹಾಕಿಸಿ ಅಂತ ದೊಡ್ಡಮ್ಮನ ಮಗನ ಹಿಂದೆ ಬಿದ್ದವನೂ ಈ ಬಂಗಾರವೇ. ಅವನ ಅಂಗಡಿಯಲ್ಲಿ ಅವೂ ಸಿಗುತ್ತಿದ್ದವು. ಒಂದು ದಿನ ಡಬ್ಬಿ ಹಿಡಿದುಕೊಂಡು ಮನೆಗೇ ಬಂದು, ದೊಡ್ಡಮ್ಮನ ಕಿವಿ ಹಿಂದೆ ಅದನ್ನು ಜೋಡಿಸಿ, ಗುಂಡಿ ತಿರುಗಿಸಿ, "ಇನ್ಮೇಲೆ ನಿಮ್ಮಿಂದ ಏನೂ ಮುಚ್ಚಿಡೋಕೆ ಆಗಲ್ಲ ದೊಡ್ಡಮ್ಮಾ" ಅಂತ ನಕ್ಕ.

ಮೊದಮೊದಲು ಮಿಷನ್‌ನಿಂದ ತೊಂದರೆಯಾದದ್ದು ಮನೆಯವರಿಗೇ. ದೊಡ್ಡಮ್ಮ ಫ್ರಿಜ್ಜನ್ನು ಬೈದಳು, ಫ್ಯಾನನ್ನು ಬೈದಳು. ಬೇಕರಿಯಲ್ಲಿ ಕೆಲಸ ಮಾಡುವ ಮಗ, ಹಿಟ್ಟಿನಷ್ಟೇ ಮೆತ್ತಗಿನ ಮನುಷ್ಯ, ಊಟಕ್ಕೆ ಕೂತರೆ ಅವನ ಬಾಯಿಯನ್ನೇ ದುರುಗುಟ್ಟಿ ನೋಡಿದಳು. "ಇಷ್ಟು ವರ್ಷ ನೀನು ಹೀಗೆ ಪಚಪಚ ಅಂತ ತಿಂತಿದ್ಯಾ? ಇದನ್ನ ಕೇಳಿಸ್ಕೊಂಡು ಇವಳು ನಿನ್ನ ಜೊತೆ ಸಂಸಾರ ಮಾಡಿದ್ದಾಳಲ್ಲ, ಇವಳ ಕಾಲಿಗೆ ಬೀಳ್ಬೇಕು." ಸೊಸೆಗೆ ಅತ್ತೆಯ ಬಾಯಿಂದ ಬಂದ ಮೊದಲನೇ ಹೊಗಳಿಕೆ ಅದು.

ಆ ವಾರವೇ ಒಂದು ಮಧ್ಯಾಹ್ನ ದೊಡ್ಡಮ್ಮ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಮೇಲಿನಿಂದ ಚಟಾರ್ ಅನ್ನುವ ಸದ್ದು ಬಂತು. ಏನೋ ಉರುಳಿತು. "ಬೇಡ ರೀ, ಬೇಡ" ಅಂದಿತು ಒಂದು ಹೆಣ್ಣಿನ ದನಿ. ಮತ್ತೆ ಚಟಾರ್. ದೊಡ್ಡಮ್ಮ ಹಿಂದೆ ಮುಂದೆ ನೋಡಲಿಲ್ಲ. ಕಿಟಕಿಗೆ ಮುಖವಿಟ್ಟು, ಮಗ್ಗದ ಸದ್ದನ್ನು ಮೀರಿ ಕೂಗಿ ರೂಢಿಯಾಗಿದ್ದ ಗಂಟಲಿನಲ್ಲಿ ಅರಚಿದಳು.

"ಏಯ್! ಯಾವನೋ ಅದು? ಕೈಗೆ ಹುಳ ಬೀಳ!"

ಇಡೀ ಕಟ್ಟಡ ಗಪ್‌ಚಿಪ್ಪಾಯಿತು. ಮೇಲಿನ ಸದ್ದು ನಿಂತಿತು. ಜೊತೆಗೆ ಟೀವಿ, ಮಗ್ಗಿ, ಮಿಕ್ಸಿಗಳೂ ನಿಂತವು. ದೊಡ್ಡಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಗೆ ಬಂದಾಗ ಸೊಸೆ ಖಾಲಿ ಜಾರಿನ ಮುಚ್ಚಳ ಹಿಡಿದುಕೊಂಡು ನಿಂತಿದ್ದಳು.

"ಯಾರೇ ಅದು ಹೊಡೀತಿರೋದು?"

"ಮೇಲಿನ ಮನೆಯವರು ಅತ್ತೆ. ಕನ್ನಡಕದವರು."

"ಅವನಾ? ಯಾವತ್ತಿಂದ?"

"ಅವರು ಇಲ್ಲಿಗೆ ಬಂದಾಗಿನಿಂದ."

"ಅಯ್ಯೋ ನಿಮ್ಮ ಮನೆ ಹಾಳಾಗ! ನನಗ್ಯಾಕೆ ಯಾರೂ ಹೇಳಲಿಲ್ಲ?"

ಸೊಸೆ ಸುಳ್ಳು ಹೇಳುವ ಜಾಯಮಾನದವಳಲ್ಲ. "ನಿಮಗೆ ಏನಾದ್ರೂ ಹೇಳ್ಬೇಕು ಅಂದ್ರೆ ಕೂಗಬೇಕಿತ್ತಲ್ಲ ಅತ್ತೆ. ಕೂಗಿದ್ರೆ ಅವರಿಗೂ ಕೇಳ್ತಿತ್ತು" ಅಂದಳು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮಂಡಿನೋವನ್ನು ಶಪಿಸುತ್ತ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಕನ್ನಡಕದವನ ಮುಖದಲ್ಲಿ ಎಂದಿನ ನಗುವಿತ್ತು. "ಬನ್ನಿ ದೊಡ್ಡಮ್ಮಾ, ಮಿಷನ್ ಹೇಗಿದೆ?"

"ಭೇಷಾಗಿದೆ. ನಿನ್ನ ಕೈಸದ್ದು ಎರಡು ಮಹಡಿ ಕೆಳಗೆ ಕೇಳಿಸ್ತು."

ನಗು ಒಂಚೂರೂ ಕದಲಲಿಲ್ಲ. "ವಾಲ್ಯೂಮ್ ಜಾಸ್ತಿಯಾಗಿರ್ಬೇಕು. ಹೊಸದರಲ್ಲಿ ಹಾಗೇ, ಇಲ್ಲದ್ದೆಲ್ಲ ಕೇಳುತ್ತೆ. ತಡೀರಿ, ಕಡಿಮೆ ಮಾಡ್ತೀನಿ." ಅವನು ಅವಳ ಕಿವಿಯ ಕಡೆ ಕೈ ಚಾಚಿದ. ದೊಡ್ಡಮ್ಮ ಆ ಕೈಯನ್ನು ನೊಣ ಹೊಡೆದ ಹಾಗೆ ಹೊಡೆದಳು. ಅವನ ಬೆನ್ನ ಹಿಂದೆ ನಿಂತಿದ್ದ ಸೂಜಿ, "ಏನಿಲ್ಲ ದೊಡ್ಡಮ್ಮ, ಡಬ್ಬ ಬಿತ್ತು. ನೀವು ಹೋಗಿ" ಅಂದಳು. ಅಂದವಳು ಇವಳ ಮುಖ ನೋಡಲಿಲ್ಲ. ಬಾಗಿಲು ಮೆಲ್ಲಗೆ, ತುಂಬಾ ಮರ್ಯಾದೆಯಿಂದ ಮುಚ್ಚಿಕೊಂಡಿತು.

ದೊಡ್ಡಮ್ಮ ಏನೋ ಸಾಧಿಸಿದೆ ಅಂದುಕೊಂಡು ಇಳಿದು ಬಂದಳು. ಮಾರನೇ ದಿನ ಸೂಜಿ ಮೆಟ್ಟಿಲ ತಿರುವಿನಲ್ಲಿ ಅವಳನ್ನು ಅಡ್ಡಗಟ್ಟಿದಳು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟಿದ್ದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು.

"ನಿಮಗೆ ತೃಪ್ತಿ ಆಯ್ತಾ? ನೀವು ಬಂದು ಬಾಯಿ ಮಾಡಿ ಹೋದ್ರಿ. 'ಮುದುಕಿ ಕೈಲಿ ಮಾತು ಕೇಳೋ ಹಾಗೆ ಮಾಡಿದ್ಯಲ್ಲ' ಅಂತ ಅದಕ್ಕೂ ಸೇರಿಸಿ ಬಿತ್ತು ನನಗೆ."

ಯಾರ ಮುಂದೆಯೂ ತಪ್ಪಾಯಿತು ಅಂದವಳಲ್ಲ ದೊಡ್ಡಮ್ಮ. ಈಗ ಮಾತ್ರ, "ತಪ್ಪಾಯ್ತು ಮಗಳೇ. ಏನ್ ಮಾಡ್ಬೇಕು ನೀನೇ ಹೇಳು, ಅದನ್ನೇ ಮಾಡ್ತೀನಿ" ಅಂದಳು.

"ಏನೂ ಮಾಡಬೇಡಿ." ಸೂಜಿ ನಾಲ್ಕು ಮೆಟ್ಟಿಲು ಇಳಿದಳು. ನಿಂತಳು. ತಿರುಗದೆಯೇ ಮಾತಾಡಿದಳು. "ಬರೋದಾದ್ರೆ ಒಬ್ಬರೇ ಬರಬೇಡಿ. ಒಬ್ಬರು ಬಂದ್ರೆ ಅವನಿಗೆ ಸಿಟ್ಟು ಬರುತ್ತೆ. ಎಲ್ಲರೂ ಬಂದ್ರೆ ಹೆದರ್ತಾನೆ. ಅವನಿಗೆ ನಾಲ್ಕು ಜನರ ಮುಂದೆ ಒಳ್ಳೆಯವನಾಗಿರೋದೇ ಪ್ರಾಣ. ಆದ್ರೆ ಈ ಕಟ್ಟಡದಲ್ಲಿ ನಾಲ್ಕು ಜನ ಇದ್ದಾರಾ?"

ಆ ನಾಲ್ಕು ಜನರನ್ನು ಹುಡುಕಿಕೊಂಡು ದೊಡ್ಡಮ್ಮ ಹೊರಟಳು. ಕಾರ್ಯದರ್ಶಿಯವರು ಸಂಘದ ನಿಯಮಾವಳಿಯನ್ನು ಓದಿ ಹೇಳಿದರು. ನಾಯಿಯ ಬಗ್ಗೆ ಇತ್ತು. ಬಾಲ್ಕನಿಯ ಕಟಕಟೆಯ ಮೇಲೆ ಬಟ್ಟೆ ಒಣಹಾಕುವುದರ ಬಗ್ಗೆ ಎರಡು ಪುಟ ಇತ್ತು. ಹೆಂಡತಿಯ ಬಗ್ಗೆ ಏನೂ ಇರಲಿಲ್ಲ. "ಅದು ಅವರ ಮನೆಯ ಒಳಗಿನ ವಿಷಯ ಅಲ್ವಾ ದೊಡ್ಡಮ್ಮ?"

"ಮನೆಯೊಳಗಿನ ವಿಷಯ ನನ್ನ ಬಚ್ಚಲಿಗ್ಯಾಕೆ ಬರುತ್ತೆ?"

ಡಂಬಲ್‌ಗೆ ಬೆನ್ನು ನೋವಂತೆ. "ನೀನು ಯಾರನ್ನೂ ಎತ್ತಬೇಕಾಗಿಲ್ಲ ಕಣೋ, ಬಂದು ನಿಂತ್ಕೊ ಸಾಕು" ಅಂದರೆ, ನಿಂತರೇ ಜಾಸ್ತಿಯಾಗುವ ನೋವದು ಅಂದ. ಟೀಚರಮ್ಮ ಚಹಾ ಕೊಟ್ಟು, ದನಿ ತಗ್ಗಿಸಿ, "ಅವಳೂ ಏನು ಕಡಿಮೆಯಿಲ್ಲ ಬಿಡಿ. ಬಾಯಿ ಜೋರು" ಅಂದಳು.

"ಬಾಯಿ ಜೋರಿದ್ದವರಿಗೆಲ್ಲ ಏಟು ಬೀಳೋ ಹಾಗಿದ್ರೆ ನಾನೂ ನೀನೂ ಯಾವತ್ತೋ ಸತ್ತು ಹೋಗಿರ್ತಿದ್ವಿ" ಅಂತ ದೊಡ್ಡಮ್ಮ ಚಹಾ ಮುಗಿಸಿಯೇ ಎದ್ದಳು.

ಮನೆಗೆ ಬಂದು ಮಗನನ್ನೂ ಸೊಸೆಯನ್ನೂ ಕೂರಿಸಿಕೊಂಡಳು. ದಾರಿ ತೋರಿಸಿದವಳು ಸೊಸೆ. ನಿಯಮಾವಳಿಯಲ್ಲಿ ಹೆಂಡತಿಯಿಲ್ಲದಿದ್ದರೆ ಏನಾಯಿತು, ಗದ್ದಲ ಇತ್ತಲ್ಲ. ಗದ್ದಲದ ದೂರು ಬಂದರೆ ಸಭೆ ಕರೆಯಲೇಬೇಕು. ಈ ಸಲ ದೊಡ್ಡಮ್ಮ ಅವಸರ ಮಾಡಲಿಲ್ಲ. ಸೂಜಿಯ ಲ್ಯಾಬಿಗೇ ಹೋಗಿ, ರಕ್ತ ಕೊಡುವ ನೆಪದಲ್ಲಿ ತೋಳು ಚಾಚಿ, "ಎತ್ತಲಾ ಮಾತನ್ನ?" ಅಂತ ಕೇಳಿದಳು. ಸೂಜಿ ಬಹಳ ಹೊತ್ತು ನರ ಹುಡುಕಿದಳು. "ನನ್ನ ಹೆಸರು ಬೇಡ. ಸದ್ದಿನ ಹೆಸರೆತ್ತಿ. ಆಮೇಲೆ ನಾನು ಅವನ ಜೊತೆ ಒಬ್ಬಳೇ ಮೇಲೆ ಹೋಗೋ ಹಾಗೆ ಮಾಡಬೇಡಿ, ಅಷ್ಟೇ" ಅಂದಳು. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆಯಿರುವುದು ಗೊತ್ತಾದದ್ದು ಆ ನೆಪದಿಂದಲೇ.

ಭಾನುವಾರ ಬೆಳಿಗ್ಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಕುರ್ಚಿ ಹಾಕಿದವನು ಕನ್ನಡಕದವನೇ. ಸೂಜಿ ಹಿಂದಿನ ಸಾಲಿನಲ್ಲಿ, ದೊಡ್ಡಮ್ಮನ ಸೊಸೆಯ ಪಕ್ಕ ಕೂತಳು. ಕಾರ್ಯದರ್ಶಿಯವರು ಗಂಟಲು ಸರಿಮಾಡಿಕೊಂಡು, ಮೇಲಿನ ಮಹಡಿಯೊಂದರಿಂದ ಆಗಾಗ ಗದ್ದಲ ಕೇಳಿಬರುತ್ತಿದೆಯೆಂದು ದೂರು ಬಂದಿದೆ, ಯಾವ ಮಹಡಿ ಅನ್ನುವುದು ಇಲ್ಲಿ ಮುಖ್ಯವಲ್ಲ ಅಂದರು.

ಕನ್ನಡಕದವನು ತಾನಾಗಿಯೇ ಎದ್ದು ನಿಂತ. "ನಮ್ಮ ಮನೆಯದೇ ಇರ್ಬೇಕು ಸಾರ್. ಕುರ್ಚಿ ಎಳೆಯೋ ಸದ್ದು. ನಾಳೆಯೇ ಕಾಲುಗಳಿಗೆ ರಬ್ಬರ್ ಟೋಪಿ ಹಾಕಿಸ್ತೀನಿ. ತೊಂದರೆ ಆಗಿದ್ರೆ ಎಲ್ಲರೂ ಕ್ಷಮಿಸ್ಬೇಕು."

ಅಬ್ಬ, ಅಂಥ ಹಗುರ ನಿಟ್ಟುಸಿರು! ಟೀಚರಮ್ಮ ಚಪ್ಪಾಳೆ ತಟ್ಟುವುದರಲ್ಲಿದ್ದಳು. ರಬ್ಬರ್ ಟೋಪಿ ಎಲ್ಲಿ ಒಳ್ಳೆಯದು ಸಿಗುತ್ತದೆ ಅಂತ ಡಂಬಲ್ ಸಲಹೆ ಕೊಡತೊಡಗಿದ. ಕಾರ್ಯದರ್ಶಿಯವರು ಮುಂದಿನ ವಿಷಯಕ್ಕೆ, ಅಂದರೆ ನಾಯಿಗೆ, ಕೈ ಹಾಕಿದರು.

"ಒಂದ್ನಿಮಿಷ" ಅಂದಳು ದೊಡ್ಡಮ್ಮ. "ನಿಮ್ಮ ಮನೆ ಕುರ್ಚಿ 'ಬೇಡ ರೀ' ಅನ್ನುತ್ತಾ?"

ಕನ್ನಡಕದವನು ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದ. "ದೊಡ್ಡಮ್ಮನಿಗೆ ವಯಸ್ಸಾಯ್ತು. ಮಿಷನ್ ಬೇರೆ ಹೊಸದು" ಅಂತ ಸುತ್ತ ನೋಡಿ ನಕ್ಕ. ಆ ನಗುವಿಗೆ ಜೊತೆ ಕೊಡಲು ಒಂದೆರಡು ಬಾಯಿಗಳು ತೆರೆದುಕೊಳ್ಳುತ್ತಲೂ ಇದ್ದವು. ಆಗ ಕಾರ್ಯದರ್ಶಿಯವರ ಹೆಂಡತಿ ಮಾತಾಡಿದಳು. ಸಭೆಗಳಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡುವುದನ್ನು ಬಿಟ್ಟರೆ ಇನ್ನೇನೂ ಮಾಡಿದವಳಲ್ಲ ಆಕೆ. ಈಗಲೂ ತಟ್ಟೆ ಕೈಯಲ್ಲೇ ಇತ್ತು.

"ನನಗೂ ಕೇಳ್ಸುತ್ತೆ. ಹೋದ ಸಲ ಬಕೆಟ್ ಬಿತ್ತಲ್ಲ, ಆಮೇಲೆ ತುಂಬಾ ಹೊತ್ತು ಏನೂ ಕೇಳ್ಸಲೇ ಇಲ್ಲ. ನಾನು ಬಚ್ಚಲಲ್ಲೇ ನಿಂತಿದ್ದೆ. ಇವಳು ಕೆಮ್ಮಿದ ಮೇಲೆ ಹೋಗಿ ಒಲೆ ಹಚ್ಚಿದೆ."

ಕಾರ್ಯದರ್ಶಿಯವರು ದಂಗಾದರು. "ನನಗೆ ಹೇಳಲೇ ಇಲ್ವಲ್ಲ ನೀನು?"

"ನೀವು ಟೀವಿ ನೋಡ್ತಿದ್ರಿ."

ಅದಾದ ಮೇಲೆ ಒಬ್ಬರ ಹಿಂದೆ ಒಬ್ಬರು ಶುರು ಹಚ್ಚಿಕೊಂಡರು. ಸೊಸೆ ಖಾಲಿ ಮಿಕ್ಸಿಯ ಕಥೆ ಹೇಳಿದಳು. ಮೇಲೆ ಸದ್ದಾದರೆ ಮಕ್ಕಳು ಹೇಳಿಸಿಕೊಳ್ಳದೆ ತಾವಾಗಿಯೇ ಮಗ್ಗಿ ಶುರು ಮಾಡುತ್ತವೆ ಅಂತ ಟೀಚರಮ್ಮ ಹೇಳಿ, ಹೇಳಿದ್ದು ಏನು ಅನ್ನುವುದು ಹೊಳೆದು ಮುಖ ಮುಚ್ಚಿಕೊಂಡಳು. ಡಂಬಲ್ ನೆಲ ನೋಡುತ್ತ, "ನನಗೆ ಬೆನ್ನುನೋವಿಲ್ಲ" ಅಂದ. ಕನ್ನಡಕದವನು ಬಟ್ಟೆ ಮಡಿಸಿ ಜೇಬಿಗಿಟ್ಟುಕೊಂಡು, ಯಾರನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದ. ಆ ದಿನ ಅವನು ಹಾಕಿದ ಕುರ್ಚಿಗಳನ್ನು ಬೇರೆಯವರು ಎತ್ತಿಡಬೇಕಾಯಿತು.

ಸೂಜಿಗೆ ಕೊಟ್ಟ ಮಾತಿತ್ತಲ್ಲ, ಅವಳನ್ನು ಒಬ್ಬಳೇ ಬಿಡಬಾರದು ಅಂತ. ಆ ಹೊತ್ತಿನಿಂದಲೇ ಮೂರನೇ ಮಹಡಿಗೆ ನೆಂಟರ ಹಾವಳಿ ಶುರುವಾಯಿತು. ಟೀಚರಮ್ಮ ರಕ್ತದ ವರದಿ ಅರ್ಥವಾಗಲಿಲ್ಲ ಅಂತ ಬಂದು ಕೂತರೆ ಏಳಲೇ ಇಲ್ಲ. ಡಂಬಲ್ ಕಣ್ಣು ಮಂಜಾಗಿದೆ ಅಂತ ಬಂದ. ಗೋಡೆಯ ಕ್ಯಾಲೆಂಡರನ್ನು ತೋರಿಸಿ ಓದು ಅಂದರೆ ಬೇಕಂತಲೇ ತಪ್ಪು ತಪ್ಪು ಓದಿ ಹೊತ್ತು ಕಳೆದ. ದೊಡ್ಡಮ್ಮನ ಮಗ ಬೇಕರಿಯಿಂದ ಬ್ರೆಡ್ ತಂದು, ಏನೂ ಮಾತಾಡದೆ ಸೋಫಾದಲ್ಲಿ ಕೂತು, ಪಚಪಚ ಅಂತ ತಾನೇ ತಿಂದ. ಕನ್ನಡಕದವನು ನಯಸ್ಥ ತಾನೇ, ಯಾರನ್ನೂ ಹೊರಗೆ ಹಾಕುವ ಹಾಗಿಲ್ಲ. ನಗುನಗುತ್ತ ಎಲ್ಲರಿಗೂ ನೀರು ಕೊಟ್ಟ. ಕೊಡುತ್ತ ಕೊಡುತ್ತ ಆ ನಗು ದಿನದಿನಕ್ಕೆ ಸವೆಯುತ್ತ ಬಂತು.

ಆದರೆ ನೆಂಟರು ಎಷ್ಟು ದಿನ ಬಂದಾರು? ಉತ್ಸಾಹ ಇಳಿಯಿತು. ಕಾರ್ಯದರ್ಶಿಯವರು ಸಮಸ್ಯೆ ಬಗೆಹರಿಯಿತು ಅಂತ ನಾಯಿಯ ಕಡೆ ಗಮನ ಕೊಟ್ಟರು. ಹಾಗಿರುವಾಗ ಒಂದು ಸಂಜೆ, ಇನ್ನೂ ದೀಪ ಹಾಕದ ಹೊತ್ತಿನಲ್ಲಿ, ಮತ್ತೆ ಚಟಾರ್ ಅಂತು. ಈ ಸಲದ ಸದ್ದಿನಲ್ಲಿ ಅಷ್ಟೂ ದಿನದ ಬಾಕಿ ಇತ್ತು.

ದೊಡ್ಡಮ್ಮ ಕೂಗಲಿಲ್ಲ. ಬಾಗಿಲು ತೆಗೆದು ಮೆಟ್ಟಿಲ ಹತ್ತಿರ ಬಂದು ನಿಂತಳು. ಬೇರೆ ಯಾವ ಬಾಗಿಲೂ ತೆರೆಯಲಿಲ್ಲ. ಒಬ್ಬಳೇ ಬರಬೇಡಿ ಅಂದಿದ್ದಳಲ್ಲ ಸೂಜಿ. ದೊಡ್ಡಮ್ಮ ಜನ್ಮದಲ್ಲಿ ಅಷ್ಟು ಹೆದರಿರಲಿಲ್ಲ. ಮೇಲೆ ಇನ್ನೊಮ್ಮೆ ಸದ್ದಾಯಿತು. ಅಷ್ಟರಲ್ಲಿ ಸೊಸೆ ಮಿಕ್ಸಿ ಬಿಟ್ಟು ಬಂದಳು, ಹಿಂದೆಯೇ ಮಗ. ಎದುರುಮನೆಯ ಚಿಲಕ ಸರಿಯಿತು. ಟೀಚರಮ್ಮ ಬಂದಳು. ಕಾರ್ಯದರ್ಶಿಯವರ ಹೆಂಡತಿ ಬಂದಳು, ಕಾರ್ಯದರ್ಶಿಯವರನ್ನು ತೋಳು ಹಿಡಿದು ಎಳೆದುಕೊಂಡೇ ಬಂದಳು. ಡಂಬಲ್ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಮುಖದ ತುಂಬ ಸೋಪಿನ ನೊರೆಯಲ್ಲಿ ಓಡಿ ಬಂದ. ಕಣ್ಣಿಗೆ ಸೋಪು ಹೋಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಟೀಚರಮ್ಮ ಅವನ ಕೈ ಹಿಡಿದು ಮೇಲಕ್ಕೆ ನಡೆಸಿದಳು.

ಬಾಗಿಲು ತಟ್ಟಿದರು. ಕನ್ನಡಕದವನು ತೆರೆದು, ಇಷ್ಟು ಜನರನ್ನು ಕಂಡು ಹಿಂದೆ ಸರಿದ. ಏನು ಮಾತಾಡಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿಕೊಂಡು ಬಂದಿರಲಿಲ್ಲ. ಕಾರ್ಯದರ್ಶಿಯವರು ರೂಢಿಯ ಬಲದಿಂದ, "ಅದೇ, ನೀರಿನ ಟ್ಯಾಂಕ್ ವಿಚಾರ..." ಅಂತ ಶುರು ಮಾಡಿದರು. ಹೆಂಡತಿ ಅವರನ್ನು ಚಿವುಟಿದಳು.

ಕೊನೆಗೆ ಬಾಯಿ ಬಿಟ್ಟವನು ದೊಡ್ಡಮ್ಮನ ಮಗ. "ಹೊಡೀಬೇಡಪ್ಪ" ಅಂದ. ಅವನ ದನಿ ಎಂದಿನ ಹಾಗೆ ಮೆತ್ತಗೇ ಇತ್ತು. "ನಮಗೆಲ್ಲ ಕೇಳುತ್ತೆ. ಇನ್ಮೇಲೆ ಕೇಳಿದಾಗೆಲ್ಲ ಬರ್ತೀವಿ."

"ಇದು ನನ್ನ ಮನೆ. ನನ್ನ ಹೆಂಡತಿ. ನೀವ್ಯಾರು ಕೇಳೋಕೆ?" ಕನ್ನಡಕದವನ ಆ ದನಿಯನ್ನು ಅವರು ಎದುರೆದುರು ಕೇಳಿದ್ದು ಅದೇ ಮೊದಲು. ಪೈಪಿನ ಸಂದಿಯಲ್ಲಿ ಇಳಿದು ಬರುವಾಗ ಎಷ್ಟೋ ಕೇಳಿದ್ದರು.

ಅವನ ಹಿಂದಿನಿಂದ ಸೂಜಿ ಬಂದಳು. ತುಟಿ ಒಡೆದಿತ್ತು. ಭುಜಕ್ಕೆ ಲ್ಯಾಬಿನ ಚೀಲ ಇತ್ತು. ಅವನನ್ನು ದಾಟಿ ಹೊಸ್ತಿಲ ಈಚೆಗೆ ಬಂದು ಎಲ್ಲರ ಮುಂದೆ ನಿಂತಳು. "ನಾನು ಸ್ಟೇಷನ್ನಿಗೆ ಹೋಗ್ತಿದ್ದೀನಿ. ಕೇಳಿಸ್ಕೊಂಡಿದ್ದೀವಿ ಅಂತ ಅಲ್ಲಿ ಹೇಳೋದಕ್ಕೆ ಯಾರು ಬರ್ತೀರಿ?"

ಸ್ಟೇಷನ್ ಅಂದದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿಗಳ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ದೊಡ್ಡಮ್ಮ ತಲೆ ಅಲ್ಲಾಡಿಸುತ್ತ ಮುಂದೆ ಬಂದಳು. "ನಾನು ಬರ್ತೀನಿ. ಆದ್ರೆ ಕಿವುಡಿ ಸಾಕ್ಷಿ ಅಂತ ನಗ್ತಾರೆ. ಕಿವಿ ಇರೋ ಮುಂಡೇವು ಯಾರಾದ್ರೂ ಜೊತೆಗೆ ಬನ್ನಿ."

"ನಾನು" ಅಂದಳು ಕಾರ್ಯದರ್ಶಿಯವರ ಹೆಂಡತಿ. ಅವಳು ಹೋದರೆ ಕಾರ್ಯದರ್ಶಿಯವರು ಹೋಗಲೇಬೇಕು. ಸೊಸೆ ಆಗಲೇ ಕಾರಿನ ಕೀಲಿ ತರಲು ಕೆಳಗಿಳಿದಿದ್ದಳು. ಡಂಬಲ್ ಪ್ಯಾಂಟು ಹಾಕಿಕೊಂಡು ಬರುತ್ತೇನೆ, ಬಿಟ್ಟು ಹೋಗಬೇಡಿ ಅಂತ ಬೇಡಿಕೊಂಡ.

ಮೇಲೆ 'ಕಲಿಯುವವರು' ಅಂತ ಫಲಕವಿದ್ದ ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಅನ್ನುವ ಹಾಗೆ ಹೋದರು. ಸ್ಟೇಷನ್ನಿನ ದಫೇದಾರ, ಗಂಡ ಹೆಂಡತಿ ಜಗಳ ತಾನೇ, ಮನೆಗೆ ಹೋಗಿ ಹೊಂದಿಕೊಳ್ಳಿ ಅಂತ ಶುರು ಮಾಡಿದವನು, ಬಾಗಿಲಲ್ಲಿ ನಿಂತ ದಂಡನ್ನು ನೋಡಿ ಕುರ್ಚಿಗಳನ್ನು ತರಿಸಿದ. ಕಾರ್ಯದರ್ಶಿಯವರ ಹೆಂಡತಿ ಬಕೆಟ್ಟಿನ ಸಂಗತಿ ಹೇಳುವಾಗ ಅವಳಿಗೆ ಅಳು ಬಂತು. ಸೂಜಿ ಅವಳ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.

ಕನ್ನಡಕದವನನ್ನು ಅವನ ಅಣ್ಣ ಬಂದು ತನ್ನ ಮನೆಗೆ ಕರೆದುಕೊಂಡು ಹೋದ. ಹೆಂಡತಿಯ ಹತ್ತಿರ ಸುಳಿಯಬಾರದು ಅಂತ ಕೋರ್ಟು ಹೇಳಿತು. ಕೇಸು ತನ್ನ ಪಾಡಿಗೆ ತೆವಳುತ್ತಿದೆ. ಕಟ್ಟಡದ ಕೆಲವರು ಈಗಲೂ ಅವನ ಅಂಗಡಿಯಲ್ಲೇ ಕನ್ನಡಕ ಮಾಡಿಸುತ್ತಾರೆ, ಸೂಜಿಗೆ ಮಾತ್ರ ಬೇರೆ ಕಡೆ ಮಾಡಿಸಿದೆವು ಅನ್ನುತ್ತಾರೆ. ಸೂಜಿ ಮೂರನೇ ಮಹಡಿಯಲ್ಲೇ ಉಳಿದಳು. ಕಷ್ಟಪಟ್ಟವಳು, ಇನ್ನು ಮೃದುವಾಗುತ್ತಾಳೆ ಅಂತ ಟೀಚರಮ್ಮ ನಂಬಿದ್ದಳು. ಮೃದುವೂ ಇಲ್ಲ, ಗಿದುವೂ ಇಲ್ಲ. ನೀರಿಗೆ, ಕಸಕ್ಕೆ, ಗಾಡಿ ನಿಲ್ಲಿಸುವ ಜಾಗಕ್ಕೆ ಎಲ್ಲರ ಜೊತೆ ಜಗಳ ಕಾಯುತ್ತಾಳೆ. ದೊಡ್ಡಮ್ಮ ಕದ್ದು ಸಿಹಿ ತಿಂದರೆ ಕಟ್ಟಡಕ್ಕೆಲ್ಲ ಕೇಳುವ ಹಾಗೆ ಬೈಯುತ್ತಾಳೆ.

ಮೊನ್ನೆ ರಸ್ತೆಯಾಚೆಯ ಕಟ್ಟಡದಿಂದ ಒಬ್ಬ ಹೆಂಗಸು ಬಂದು ಗೇಟಿನಲ್ಲಿ ನಿಂತು, "ನಿಮ್ಮಲ್ಲಿ ಅದೇನೋ ಎಲ್ಲರೂ ಸೇರಿ ಬಾಗಿಲು ತಟ್ಟುತ್ತೀರಂತಲ್ಲ" ಅಂದಳಂತೆ. ಅವಳ ತಂಗಿಯ ಗಂಡನ ವಿಷಯ. ಕಾರ್ಯದರ್ಶಿಯವರು ತಕ್ಷಣ ಒಂದು ಸಮಿತಿ ಮಾಡಿ, ಅದಕ್ಕೆ ತಾವೇ ಅಧ್ಯಕ್ಷರಾಗಿ, ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳತೊಡಗಿದರು. ಅವರು ಎರಡನೇ ವಾಕ್ಯ ತಿದ್ದುವಷ್ಟರಲ್ಲಿ ಸೂಜಿ ಮುಂದೆ, ದೊಡ್ಡಮ್ಮ ಹಿಂದೆ, ಬಿಸ್ಕತ್ತಿನ ತಟ್ಟೆಯನ್ನು ಎಲ್ಲಿಡುವುದು ಅಂತ ಗೊತ್ತಾಗದೆ ಅದನ್ನು ಹಿಡಿದುಕೊಂಡೇ ಅವರ ಹೆಂಡತಿ, ಎಲ್ಲರೂ ರಸ್ತೆ ದಾಟುತ್ತಿದ್ದರು. "ಮೊದಲು ನಿನ್ನ ತಂಗಿಗೆ ಏನು ಬೇಕು ಅಂತ ಕೇಳ್ಬೇಕು" ಅಂತ ಸೂಜಿ ಹೇಳುತ್ತಿದ್ದಳು. ಬಸ್ಸೊಂದು ಹಾರ್ನ್ ಹೊಡೆಯಿತು. ಸೊಸೆ ನಡುರಸ್ತೆಯಲ್ಲಿ ನಿಂತು ಅದರ ಡ್ರೈವರನ್ನು ಗದರಿಸಿದಳು.